ಶನಿಯ ಬಳೆ

ಆಕಾಶಕ್ಕೆ ಇನ್ನೂ ವಾರದ ಲೆಕ್ಕ ಬಾರದಿದ್ದ ಕಾಲದಲ್ಲಿ ಅಲ್ಲಿ ಏಳು ಮಂದಿ ಕಾವಲುಗಾರರಿದ್ದರಂತೆ. ತೀರಾ ನಿಧಾನಿ ಶನಿ ಸಾಲಿಗೆ ಮೊದಲು. ಆಮೇಲೆ ಗುರು, ಮಂಗಳ, ಸೂರ್ಯ, ಶುಕ್ರ, ಬುಧ; ಎಲ್ಲರಿಗಿಂತ ಚುರುಕಾದ ಚಂದ್ರ ಕೊನೆಗೆ. ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಪಾಳಿ. ಬೆಳಕು ಹರಿಯುವಾಗ ಯಾರ ಪಾಳಿಯೋ, ಆ ದಿನಕ್ಕೆ ಅವರ ಹೆಸರು. ನಮ್ಮಜ್ಜಿ ಇಷ್ಟು ಹೇಳುವಷ್ಟರಲ್ಲಿ ನನಗೆ ನಿದ್ದೆ ಹತ್ತಿಬಿಡುತ್ತಿತ್ತು.

ಆ ನಿದ್ದೆಯ ಫಲ ಉಂಡವರು ಬೆತ್ತದಜ್ಜಿ. ಅಪ್ಪನ ಗಡಿಯಾರದಂಗಡಿಯ ಹಿಂದಿನ ಮನೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾರೆ, ಕಣ್ಣು ಕಾಣದು. ಅವರ ಗೋಡೆ ಗಡಿಯಾರದಲ್ಲಿ ದಿನಕ್ಕೊಬ್ಬ ಕಾವಲುಗಾರನ ಬಿಲ್ಲೆ ಮುಂದೆ ಬರುವ ಚಕ್ರವಿದೆ. ಆರು ಬಿಲ್ಲೆಗಳ ಮೇಲೆ ಬರೀ ಬಣ್ಣದ ಚಿತ್ರ. ಶನಿಯದಕ್ಕೆ ಮಾತ್ರ ಉಬ್ಬಿದ ಬಳೆ. ಬೆಳಿಗ್ಗೆ ಬೆರಳಿಗೆ ಬಳೆ ಸಿಕ್ಕಿದರೆ ಅಜ್ಜಿ ಅಂದು ಬೆತ್ತ ಮುಟ್ಟುವುದಿಲ್ಲ. ಬೀದಿಗೆಲ್ಲ ಭಾನುವಾರ ರಜೆ. ಅವರ ಸಬ್ಬತ್ತು, ಕೆಲಸ ಮುಟ್ಟದೆ ದೇವರಿಗೆ ಬಿಟ್ಟ ದಿನ, ಶನಿವಾರ.

ಚಕ್ರ ಸಿಕ್ಕಿಹಾಕಿಕೊಂಡಾಗ ಗಡಿಯಾರವನ್ನು ನನಗೇ ಕೊಟ್ಟರು. "ನನ್ನ ಸಬ್ಬತ್ತು ನಿನ್ನ ಕೈಲಿದೆ ಕಣೇ."

"ಒಂದು ದಿನಾನೂ ಆಚೀಚೆ ಆಗದ ಹಾಗೆ ಮಾಡ್ಕೊಡ್ತೀನಿ," ಎಂದು ಮಾತು ಕೊಟ್ಟೆ. ಬಿಲ್ಲೆಗಳನ್ನು ಬಿಚ್ಚಿ ತೊಳೆದು, ನಮ್ಮಜ್ಜಿಯ ಕಥೆಯ ಸಾಲು ಗುನುಗುತ್ತಾ ಮತ್ತೆ ಕೂರಿಸಿದೆ. ಭಾನುವಾರ ಸೂರ್ಯನನ್ನು ಮುಂದಿಟ್ಟು ಗೋಡೆಗೆ ತೂಗುಹಾಕಿ ಬಂದೆ.

ಶನಿವಾರ ಮಧ್ಯಾಹ್ನ ಹೋದರೆ ಅಜ್ಜಿ ಕುರ್ಚಿ ಹೆಣೆಯುತ್ತಿದ್ದರು.

"ಇದೇನಜ್ಜಿ, ಶನಿವಾರ ಬೆತ್ತ ಹಿಡ್ದಿದೀರಾ?"

"ಶನಿವಾರ ಮೊನ್ನೇನೇ ಆಯ್ತಲ್ಲೇ. ಬೇಗ ಬಂತಲ್ಲ ಅನ್ನಿಸ್ತು. ಮುದುಕಿ ತಲೆ, ಎಣಿಕೆ ತಪ್ಪಿರ್ಬೇಕು ಅಂದ್ಕೊಂಡೆ."

ಚಕ್ರ ತಿರುಗಿಸಿ ನೋಡಿದೆ: ಸೂರ್ಯನ ಬೆನ್ನಿಗೇ ಶುಕ್ರ. ಕಾವಲುಗಾರರ ಸಾಲನ್ನೇ ವಾರವೆಂದುಕೊಂಡು ಜೋಡಿಸಿದ್ದೆ!

"ತಪ್ಪಿದ್ದು ನಿಮ್ಮ ತಲೆಯಲ್ಲ ಅಜ್ಜಿ, ನನ್ನ ಕೈ. ನಮ್ಮಜ್ಜಿ ಹೇಳ್ತಿದ್ದ ಕಥೆಯ ಸಾಲಲ್ಲೇ ಜೋಡಿಸ್ಬಿಟ್ಟೆ. ಈಗ್ಲೇ ಸರಿ ಮಾಡ್ತೀನಿ."

ಅಜ್ಜಿ ಬೆತ್ತ ಕೆಳಗಿಟ್ಟರು. "ಅರ್ಧ ದಿನ ಹೋಯ್ತು, ಉಳಿದಿದ್ದನ್ನ ಬಿಡಲ್ಲ. ಹೊತ್ತು ಮುಳುಗೋವರ್ಗೂ ಈ ಮನೇಲಿ ಒಂದು ಸ್ಕ್ರೂನೂ ತಿರುಗಬಾರ್ದು. ಕೂತ್ಕೊಂಡು ಆ ಕಥೆ ಹೇಳು."

ನಿದ್ದೆ ಹತ್ತುವ ಮುಂಚೆ ಕೇಳಿದ್ದಿಷ್ಟೇ ಎಂದು ಕಥೆ ಹೇಳಿದೆ. ಅಜ್ಜಿ ಬೆರಳು ಮಡಚಿದರು. "ದಿನಕ್ಕೆ ಇಪ್ಪತ್ನಾಲ್ಕು ಗಂಟೆ. ಶನಿಯಿಂದ ಹಿಡಿದು ಮೂರು ಸುತ್ತಿಗೆ ಇಪ್ಪತ್ತೊಂದು. ಉಳಿದ ಮೂರು ಶನಿಗೆ, ಗುರುವಿಗೆ, ಮಂಗಳನಿಗೆ. ಬೆಳಗಾದಾಗ ಯಾರು?"

"ಸೂರ್ಯ!"

"ಅದಕ್ಕೇ ಶನಿವಾರ ಆದ್ಮೇಲೆ ಭಾನುವಾರ. ಪ್ರತಿ ಸಲ ಇಬ್ಬರನ್ನ ದಾಟ್ಕೊಂಡು ಹೋಗು. ಇಷ್ಟು ಕೇಳೋಕಾಗ್ಲಿಲ್ವೇ ನಿದ್ದೆಬುರುಕಿ?"

ಗೋಡೆಯ ಮೇಲಿನ ಬಿಸಿಲು ಆರಿತು. ಹೊತ್ತು ಮುಳುಗಿತೆಂದೆ, ಅಜ್ಜಿ "ಹೂಂ" ಅಂದರು. ಇಬ್ಬಿಬ್ಬರನ್ನು ದಾಟಿಸುತ್ತಾ ಬಿಲ್ಲೆಗಳನ್ನು ಕೂರಿಸಿದೆ. ಸೂರ್ಯನಿಂದ ಶುರುಮಾಡಿ ಅಜ್ಜಿಯೇ ಚಕ್ರ ತಿರುಗಿಸಿದರು. ಒಂದು, ಎರಡು, ಮೂರು... ಏಳಕ್ಕೆ ಬೆರಳಿಗೆ ಬಳೆ ತಗುಲಿತು.

"ನನ್ನೆಣಿಕೆ ಸರಿಯಾಗೇ ಇತ್ತು ನೋಡು," ಎಂದರು. ನಾನು ಕೊನೆಯ ಸ್ಕ್ರೂ ಬಿಗಿದೆ.