ಬಾಣಂತಿ ಚಿತ್ರದೆದುರಿನ ಬೆಂಚು

ಆರ್ನೊ ನದಿಯಾಚೆಯ ಸಣ್ಣ ಚೌಕದಲ್ಲಿದ್ದ ಕಲ್ಲುಬೆಂಚನ್ನು ಯಾರೋ ರಾತ್ರೋರಾತ್ರಿ ಕೀಳಿಸಿದ್ದರು. ಬೆಳಗ್ಗೆ ಫೋಸ್ಕಾ ಬಂದು ನೋಡಿದರೆ ಅದಿದ್ದ ಜಾಗದಲ್ಲಿ ಕಾಫಿ ಅಂಗಡಿಯವನ ಮೇಜುಗಳು ಬಂದು ಕೂತಿದ್ದವು. ಅವಳು ಅದೇ ಚೌಕದ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು, ದನದ ಜಠರ ಬೇಯಿಸಿ ಬ್ರೆಡ್ಡಿನೊಳಗೆ ತುಂಬಿ ಮಾರುತ್ತ ಮುದುಕಿಯಾದವಳು. ಗಾಡಿಯ ವ್ಯಾಪಾರ ಬಿಟ್ಟ ಮೇಲೆ ವಾಂಡಾ, ಲೋರಿಯಾನಾ ಎಂಬಿಬ್ಬರು ಗೆಳತಿಯರ ಜೊತೆ ಆ ಬೆಂಚಿನ ಮೇಲೆ ಕೂತು ಊರಿನವರನ್ನೆಲ್ಲ ಆಡಿಕೊಳ್ಳುವುದೇ ಅವಳ ಕಸುಬಾಗಿತ್ತು.

"ಕೂತ್ಕೊಳ್ಳಿ ಸಿನ್ಯೋರಾ, ಏನು ತರಲಿ?" ಎಂದ ಹೊಸ ಮಾಣಿ.

"ಹುಟ್ಟಿದಾಗಿಂದ ಇಲ್ಲಿ ಏನೂ ತರಿಸ್ಕೊಳ್ದೇನೇ ಕೂತಿದೀನಿ ಕಣಪ್ಪಾ."

"ಈಗ ಏನಾದ್ರೂ ತಗೊಳ್ಳೇಬೇಕು."

"ನಿನ್ನ ಕಿವಿ ತಗೋತೀನಿ. ಬಿಸಿಬಿಸಿಯಾಗಿ ತಂದುಕೊಡ್ತೀಯಾ?"

ಕೂರುವುದೆಲ್ಲಿ? ವಾಂಡಾಳ ಮನೆ ನಾಲ್ಕನೆಯ ಮಹಡಿಯಲ್ಲಿ. ಮಂಡಿನೋವಿನ ಅವಳಿಗೆ ದಿನಕ್ಕೆ ಒಂದು ಸಲ ಹತ್ತಿಳಿಯುವುದೇ ಹೆಚ್ಚು. ಲೋರಿಯಾನಾಳ ಮನೆಯಲ್ಲಿ ಸೊಸೆ. ಫೋಸ್ಕಾಳದು ಒಬ್ಬಳೇ ಕೂರುವಷ್ಟು ಅಡುಗೆಮನೆ. ಚರ್ಚಿನಲ್ಲಿ ಕೂತರೆ ಪಾದ್ರಿ ಬಂದು ಪಾಪ ಕೇಳುತ್ತಾನೆ.

"ಚಿತ್ರಗಳ ಗ್ಯಾಲರಿಗೆ ಹೋಗೋಣ," ಎಂದಳು ಫೋಸ್ಕಾ. "ಅಲ್ಲಿ ಬೆಂಚುಗಳಿವೆ. ವರ್ಷಕ್ಕೊಂದೇ ಟಿಕೆಟ್ಟಂತೆ. ಚಳಿಗಾಲದಲ್ಲಿ ಬೆಚ್ಚಗೂ ಇರುತ್ತೆ."

"ಅಲ್ಲಿ ಮಾತಾಡಬಹುದೇನೇ?" ಎಂದಳು ಲೋರಿಯಾನಾ. ಒಂದು ಕಿವಿ ಮಂದವಾದ್ದರಿಂದ ಅವಳು ಗುಟ್ಟನ್ನೂ ಚೌಕಕ್ಕೆಲ್ಲ ಕೇಳುವಂತೆಯೇ ಹೇಳುತ್ತಿದ್ದಳು.

"ಬಾಯಿಗೆ ಬೇರೆ ಟಿಕೆಟ್ ಕೇಳಿದ್ರೆ ನೋಡೋಣ."

ಶಾಲೆಯಲ್ಲಿದ್ದಾಗ ಸನ್ಯಾಸಿನಿಯರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಒಮ್ಮೆ ಅಲ್ಲಿಗೆ ಕರೆದೊಯ್ದು, ಬೆತ್ತಲೆ ದೇವತೆಗಳ ಚಿತ್ರ ಬಂದಾಗಲೆಲ್ಲ ಕಣ್ಣು ಮುಚ್ಚಿಸಿದ್ದರು. ಅದು ಬಿಟ್ಟರೆ ಫೋಸ್ಕಾ ಆ ಹೊಸ್ತಿಲು ತುಳಿದವಳಲ್ಲ. ಈಗ ಹೋದರೆ ಬಾಗಿಲಲ್ಲೇ ವಾಂಡಾಳ ಹೆಣಿಗೆ ಸೂಜಿ ಕಸಿದುಕೊಂಡರು. ಒಳಗೆ ಹೆಸರುವಾಸಿ ಚಿತ್ರಗಳ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೂವರೂ ಜನಜಂಗುಳಿಯಿಂದ ತಪ್ಪಿಸಿಕೊಂಡು ಹಿಂದಿನ ಒಂದು ಕೋಣೆ ಸೇರಿದರು. ಅಲ್ಲೊಂದು ಮರದ ಬೆಂಚು, ಎದುರಿಗೆ ಗೋಡೆಯಗಲದ ಚಿತ್ರ: ಹಾಸಿಗೆಯಲ್ಲಿ ಒರಗಿದ ಬಾಣಂತಿ, ಮಗುವಿಗೆ ನೀರು ಹಾಕುವ ದಾದಿ, ಊಟದ ತಟ್ಟೆ ಹಿಡಿದು ಬರುತ್ತಿರುವ ನೆರೆಹೊರೆಯ ಹೆಂಗಸರು.

"ನೋಡೇ, ಆ ಹಸಿರು ಮುಸುಕಿನವಳು ಮಗು ನೋಡೋಕೆ ಬಂದಿಲ್ಲ," ಎಂದಳು ಫೋಸ್ಕಾ. "ಮನೆ ನೋಡೋಕೆ ಬಂದಿದಾಳೆ. ಕಣ್ಣು ಪೆಟ್ಟಿಗೆ ಮೇಲಿದೆ."

"ನನ್ನ ನಾದಿನಿ ಹಂಗೇ," ಎಂದಳು ವಾಂಡಾ.

"ಬಾಣಂತಿಗೆ ನಿದ್ದೆ ಬೇಕು ಪಾಪ. ಇವರು ಬಿಡ್ತಾ ಇಲ್ಲ," ಎಂದಳು ಲೋರಿಯಾನಾ.

ಮರುದಿನವೂ ಬಂದರು, ಅದರ ಮರುದಿನವೂ. ಚಳಿಗಾಲ ಬರುವ ಹೊತ್ತಿಗೆ ಆ ಚಿತ್ರದ ಒಬ್ಬೊಬ್ಬ ಹೆಂಗಸಿಗೂ ಹೆಸರಿಟ್ಟು, ಗಂಡನನ್ನು ಗೊತ್ತುಮಾಡಿ, ಎಲ್ಲರ ಜಗಳಗಳನ್ನೂ ಹುಟ್ಟಿಸಿಯಾಗಿತ್ತು. ಕಾವಲುಗಾರ ಗೆರಾರ್ದೊ ಹಿಂದೆ ಫೋಸ್ಕಾಳ ಗಾಡಿಯ ಗಿರಾಕಿ. ಅವನು ಬಾಗಿಲ ಬಳಿ ನಿಂತು ನಗುತ್ತಿದ್ದ.

ಒಂದು ದಿನ ಪ್ರವಾಸಿಗರ ಗುಂಪಿನ ಮುಂದೆ ಬಾವುಟ ಹಿಡಿದ ಮಾರ್ಗದರ್ಶಕಿಯೊಬ್ಬಳು, ಲೋರಿಯಾನಾಳ ಗಂಟಲಿನ ಮುಂದೆ ತನ್ನ ಮಾತು ಯಾರಿಗೂ ಕೇಳುತ್ತಿಲ್ಲವೆಂದು ದೂರು ಕೊಟ್ಟಳು. ಮೇಲ್ವಿಚಾರಕ ಗುಯಿಡೊಟ್ಟಿ ಬಂದ. ತೆಳ್ಳಗಿನ, ವಿನಯದ ಮನುಷ್ಯ.

"ಸಿನ್ಯೋರಾ, ಈ ಬೆಂಚು ಚಿತ್ರ ನೋಡೋರಿಗೆ."

"ನಾವೇನು ನಿನ್ನ ಮುಖ ನೋಡ್ತಾ ಇದ್ವಾ?" ಎಂದಳು ಫೋಸ್ಕಾ. "ಆ ಬಾವುಟದ ಹಿಂದೆ ಬರೋರು ಸೀನೋಷ್ಟು ಹೊತ್ತು ನಿಂತು, ಫೋನಿಗೆ ತೋರಿಸಿ ಹೋಗ್ತಾರೆ. ನಾವು ದಿನಾ ನೋಡ್ತೀವಿ."

"ಇದು ಹರಟೆಕಟ್ಟೆ ಅಲ್ಲ."

"ಗೋಡೆ ಮೇಲಿರೋರು ಮಾಡ್ತಿರೋದೇನು ಮತ್ತೆ? ಅವರನ್ನೂ ಹೊರಗೆ ಕಳಿಸು, ಹಿಂದೇನೇ ನಾವೂ ಹೋಗ್ತೀವಿ."

ಅವನು ಬೆಂಚನ್ನು ಕಣ್ಣಲ್ಲೇ ಅಳೆದು ಹೋದ. ಸೋಮವಾರದ ರಜೆ ಕಳೆದು ಮಂಗಳವಾರ ಅವರು ಬಂದಾಗ ಕೋಣೆಯಲ್ಲಿ ಬೆಂಚೇ ಇರಲಿಲ್ಲ.

ಫೋಸ್ಕಾ ಬಾಗಿಲಲ್ಲೇ ನಿಂತಳು. ಚೌಕದಲ್ಲಿ ಮಾಣಿಗೆ ಬಾಯಿಮಾತಿನಲ್ಲಿ ತಿರುಗೇಟು ಕೊಟ್ಟು ಬಂದಿದ್ದಳೇ ಹೊರತು, ಕಡೆಗೆ ಎದ್ದು ಹೋದವಳು ತಾನೇ ಎಂಬುದು ಈಗ ಹೊಳೆಯಿತು. ಇನ್ನೊಂದು ಸಲ ಎದ್ದು ಹೋದರೆ ಉಳಿಯುವುದು ಅಡುಗೆಮನೆ ಮಾತ್ರ. ಕೋಟಿನ ಗುಂಡಿ ಬಿಚ್ಚಿದಳು. ವಾಂಡಾಳ ಹೆಗಲು ಹಿಡಿದು, ನರಳುತ್ತ, ಬಾಣಂತಿಯ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ಅಯ್ಯೋ ಫೋಸ್ಕಾ, ಎದ್ದೇಳೋದು ಹೆಂಗೇ?" ಎಂದಳು ವಾಂಡಾ.

"ಏಳೋ ಮಾತು ಯಾರು ಆಡಿದ್ದು? ಕೂತ್ಕೋ."

ಲೋರಿಯಾನಾ ಕೂತಳು. ವಾಂಡಾ ಮಂಡಿ ಹಿಡಿದುಕೊಂಡು, ಇದ್ದಬದ್ದ ಸಂತರನ್ನೆಲ್ಲ ಬೈಯುತ್ತ ಕೂತಳು. ಒಳಬಂದ ಪ್ರವಾಸಿಗರು ಮೊದಲು ಅವರನ್ನು ಸುತ್ತುಬಳಸಿ ಹೋದರು. ಆಮೇಲೆ ಬೆನ್ನುಚೀಲದ ಇಬ್ಬರು ಹುಡುಗಿಯರು ಇದು ಇಲ್ಲಿನ ಪದ್ಧತಿಯೇ ಇರಬೇಕೆಂದುಕೊಂಡು ಪಕ್ಕದಲ್ಲಿ ಕೂತರು. ಬೆಳಗಿನಿಂದ ನಡೆದು ಸುಸ್ತಾದ ದಂಪತಿ ಕೂತರು. ನೋಡನೋಡುತ್ತ ಕೋಣೆ ತುಂಬಿತು. ಬಾವುಟದವಳಿಗೆ ಒಳಗೆ ಬರಲು ದಾರಿಯಿಲ್ಲ.

ಗುಯಿಡೊಟ್ಟಿ ಓಡಿ ಬಂದ. ಮುಖ ಕೆಂಪಾಗಿತ್ತು. "ಗೆರಾರ್ದೊ, ಇವರನ್ನ ಎಬ್ಬಿಸು!"

ಗೆರಾರ್ದೊ ಕೈ ಹಿಂದೆ ಕಟ್ಟಿಕೊಂಡ. "ನಾನು ಮುಟ್ಟಲ್ಲ ಸಾರ್. ಅವರ ಮೂಳೆ ಮುರಿದ್ರೆ ಯಾರು ಹೊಣೆ?"

"ನೋಡಿ ಸಿನ್ಯೋರಾ, ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರೆಸು. ಹೊತ್ತುಕೊಂಡು ಹೋಗಲಿ, ನಡೆಯೋದು ತಪ್ಪುತ್ತೆ," ಎಂದಳು ಫೋಸ್ಕಾ. "ಕೇಳು ಮಗನೇ. ನಾವು ಇದೇ ಊರಲ್ಲಿ ಹುಟ್ಟಿದೋರು. ಚೌಕದಲ್ಲಿ ಕೂರಬೇಡಿ ಅಂದ್ರು, ಬಿಟ್ಟು ಬಂದ್ವಿ. ಇಲ್ಲೂ ಕೂರಬೇಡಿ ಅಂತೀಯ. ಊರು ನೋಡೋಕೆ ಬಂದೋರಿಗೆಲ್ಲ ಜಾಗ ಇದೆ, ಊರಲ್ಲಿರೋರಿಗೆ ಇಲ್ಲ. ಬೆಂಚು ತರಿಸು, ಏಳ್ತೀನಿ. ಇಲ್ಲದಿದ್ರೆ ನನಗೂ ಒಂದು ಚೌಕಟ್ಟು ಹಾಕಿಸು, ಇಲ್ಲೇ ಇರ್ತೀನಿ."

ಭಾಷೆ ಬಾರದವರೂ ನಕ್ಕರು. ಗುಯಿಡೊಟ್ಟಿ ಸುತ್ತ ಎತ್ತಿ ಹಿಡಿದಿದ್ದ ಫೋನುಗಳನ್ನು ನೋಡಿದ. ನೆಲದ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ ವಾಂಡಾಳನ್ನೂ ನೋಡಿದ. ಗೆರಾರ್ದೊನಿಗೆ ಮೆಲ್ಲಗೆ ಏನೋ ಹೇಳಿದ. ಸ್ವಲ್ಪ ಹೊತ್ತಿನಲ್ಲೇ ಇಬ್ಬರು ಆಳುಗಳು ಬೆಂಚು ಹೊತ್ತು ತಂದರು.

ಏಳುವುದು ಗೆಲ್ಲುವುದಕ್ಕಿಂತ ಕಷ್ಟವಾಯಿತು. ಒಬ್ಬೊಬ್ಬರನ್ನೂ ಕಂಕುಳಿಗೆ ಕೈ ಹಾಕಿ ಎತ್ತಬೇಕಾಯಿತು. ವಾಂಡಾಳ ಮಂಡಿ ಊದಿ ಅವಳು ಬಹಳ ದಿನ ಮನೆಯಿಂದ ಇಳಿಯಲಿಲ್ಲ. ಲೋರಿಯಾನಾಳ ಸೊಸೆ, "ಮರ್ಯಾದೆ ಹೋಯ್ತು," ಎಂದು ಹಾರಾಡಿದಳಂತೆ. ಅದು ತನಗೆ ಕೇಳಿಸಲೇ ಇಲ್ಲ ಎಂದು ಲೋರಿಯಾನಾ ಹೇಳಿಕೊಂಡಳು.

ಮೂವರೂ ಮತ್ತೆ ಹೋದ ದಿನ ಬೆಂಚಿನ ಮೇಲೆ ಯಾವುದೋ ದೇಶದ ಹೆಂಗಸೊಬ್ಬಳು ಚಪ್ಪಲಿ ಬಿಚ್ಚಿ, ಪಾದ ಒತ್ತಿಕೊಳ್ಳುತ್ತ ಕೂತಿದ್ದಳು. ಮುದುಕಿಯರನ್ನು ಕಂಡು ಗಡಬಡಿಸಿ ಏಳಹೋದಳು. ಫೋಸ್ಕಾ ಅವಳ ಭುಜ ಅದುಮಿ ಕೂರಿಸಿದಳು.

"ಏಳಬೇಡ. ಯಾರು ಹೇಳಿದ್ರೂ ಏಳಬೇಡ. ಸ್ವಲ್ಪ ಸರಿ, ಅಷ್ಟೆ."

ನಾಲ್ವರೂ ಒತ್ತೊತ್ತಾಗಿ ಕೂತರು. ಮಾತು ಅರ್ಥವಾಗದಿದ್ದರೂ ಆ ಹೆಂಗಸು ತಲೆಯಾಡಿಸುತ್ತಿದ್ದಳು. ಹಾಸಿಗೆಯ ಬಳಿ ನಿಂತ ಹಸಿರು ಮುಸುಕಿನವಳ ಕಥೆಯನ್ನು ಫೋಸ್ಕಾ ಅವಳಿಗೆ ಮೊದಲಿನಿಂದ ಹೇಳತೊಡಗಿದಳು.