ಕಾಯಿಲೆನೇ ಇಲ್ಲ ಅಂತ ಬರೆದ ಅಪ್ಪ

ಮಗಳು ಮತ್ತೆ ಬಿದ್ದಳು, ಅಂಗಡಿಯ ಹೊಸ್ತಿಲಲ್ಲೇ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಅವಳನ್ನು ಎತ್ತಿ ಕೂರಿಸಿದ.

ಹುಟ್ಟಿನಿಂದಲೇ ಬಂದ, ಸ್ನಾಯುಗಳು ಸೋಲುತ್ತಾ ಹೋಗುವ ಕಾಯಿಲೆ ಅವಳದು. ಅವಳಿಗೊಂದು ಆರೋಗ್ಯ ವಿಮೆ ಮಾಡಿಸಬೇಕೆಂದು ದರ್ಜಿ ಹೊರಟಿದ್ದ. ಕೇಳಿದಷ್ಟೂ ಗೊಂದಲ. ಒಬ್ಬರು "ಇಂಥ ಮಕ್ಕಳಿಗೆ ವಿಮೆಯೇ ಇಲ್ಲ" ಅಂದರು. ಇನ್ನೊಬ್ಬರು "ಇದೆ, ಕಾಯಬೇಕು" ಅಂದರು. ಹೆಂಡತಿಯ ತಮ್ಮ ಮಾತ್ರ "ಕಾಯಿಲೆ ವಿಷಯ ಎತ್ತಲೇಬೇಡಿ ಭಾವ" ಅಂದ. ಅದು ದರ್ಜಿಯ ತಲೆಯಲ್ಲಿ ಕೂತುಬಿಟ್ಟಿತು.

ಮಗಳಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ತಮ್ಮ ಕೋಟು ಒಯ್ಯಲು ಬಂದರು. ಕತ್ತರಿಯ ಪಕ್ಕದಲ್ಲಿದ್ದ ವಿಮೆಯ ಅರ್ಜಿ ಕಣ್ಣಿಗೆ ಬಿತ್ತು.

"ಇದೇನಿದು, ಯಾವ ಕಾಯಿಲೆಯೂ ಇಲ್ಲ ಅಂತ ಬರೆದಿದ್ದೀರಿ?"

"ಬಟ್ಟೇಲಿ ಕಲೆ ಇದ್ರೆ ಅದರ ಮೇಲೊಂದು ಜೇಬು ಇಟ್ಟು ಹೊಲಿತೀವಿ ಡಾಕ್ಟರಮ್ಮ. ಯಾರಿಗೂ ಕಾಣಲ್ಲ."

"ಆಸ್ಪತ್ರೆಗೆ ಸೇರಿಸಿದ ದಿನ ಹಳೇ ರಿಪೋರ್ಟೆಲ್ಲಾ ಕೇಳ್ತಾರೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಖರ್ಚು ಕೊಡದೇ ಇರಬಹುದು. ಪಾಲಿಸಿನೇ ರದ್ದಾಗಬಹುದು."

"ನಿಜ ಹೇಳಿದ್ರೆ ಕೊಡ್ತಾರಾ?"

"ಕೆಲವರು ಕೊಡಲ್ಲ. ಕೆಲವರು ಸ್ವಲ್ಪ ಕಾಲ ಕಾಯಿಸಿ ಕೊಡ್ತಾರೆ. ಅಂಗವಿಕಲ ಮಕ್ಕಳಿಗೆ ಸರ್ಕಾರದ ಯೋಜನೆ ಇದೆಯಾ, ಅದಕ್ಕೆ ಯಾವ ಪ್ರಮಾಣಪತ್ರ ಬೇಕು, ಅದನ್ನೂ ವಿಚಾರಿಸಬೇಕು. ನನಗೂ ಎಲ್ಲಾ ಗೊತ್ತಿಲ್ಲಪ್ಪ. ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಕೇಳೋಣ ಬನ್ನಿ."

"ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ."

"ಇವರು ಕೇಳಿದ್ದು ನನ್ನ ತಮ್ಮನ್ನ," ಗುಂಡಿ ಹೊಲಿಯುತ್ತಿದ್ದ ಹೆಂಡತಿ ಅಂದಳು. "ಅವನಿಗೆ ತನ್ನ ಬೈಕಿನ ವಿಮೆ ಮುಗಿದಿದ್ದೇ ಗೊತ್ತಿರಲಿಲ್ಲ!"

ಮಗಳು ತಲೆಯೆತ್ತಿದಳು. "ಅಪ್ಪಾ, ನನಗೆ ಕಾಯಿಲೆನೇ ಇಲ್ಲ ಅಂತ ಬರೆದಿದ್ದೀಯಾ? ಹಾಗಾದ್ರೆ ನಾಳೆಯಿಂದ ವ್ಯಾಯಾಮ ಇಲ್ಲ ತಾನೇ?"

ಅಮ್ಮನಿಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ಕತ್ತರಿ ತೆಗೆದು ಆ ಅರ್ಜಿಯನ್ನು ಎರಡಾಗಿ ಕತ್ತರಿಸಿದ.

"ಬೇರೆ ಅರ್ಜಿ ತರ್ತೀನಿ," ಅಂದ. "ಕಾಯಿಲೆ ಹೆಸರು ಹೇಗೆ ಬರೆಯೋದು ಅಂತ ನೀವೇ ಹೇಳಿಕೊಡಿ ಡಾಕ್ಟರಮ್ಮ."

ನಿಮ್ಮ ಮನೆಯಲ್ಲೂ ಇಂಥ ಮಗು ಇದೆಯೇ? ಕಾಯಿಲೆ ಮುಚ್ಚಿಡಬೇಡಿ. ಸಹಿ ಹಾಕುವ ಮೊದಲು ಕೇಳಿ: ಹುಟ್ಟಿನಿಂದ ಬಂದ ಈ ಕಾಯಿಲೆಗೆ ವಿಮೆ ಸಿಗುತ್ತದೆಯೇ? ಎಷ್ಟು ಕಾಲ ಕಾಯಬೇಕು? ವ್ಯಾಯಾಮ, ಔಷಧಿ, ಗಾಲಿಕುರ್ಚಿಯ ಖರ್ಚು ಸೇರುತ್ತದೆಯೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅರ್ಥವಾಗಲಿಲ್ಲವೇ? ನಾಚಿಕೆ ಬೇಡ. ಮಗುವಿಗಾಗಿ ಇನ್ನೊಮ್ಮೆ ಕೇಳಿ.