ಏಳನೇ ಕೋಲಿನ ಒಂದೇ ಕೂಗು

"ಸರ್ವರ್ ಅಂದ್ರ ಖಾನಾವಳ್ಯಾಗ ನೀರಿಡೋನು ಅಲ್ಲೇನವಾ? ನಮಗ್ಯಾಕ ಎರಡೆರಡು?"

ಉಜ್ಜಿನಪ್ಪನವರ ಪ್ರಶ್ನೆಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಸುಮಂಗಲಾ ನಕ್ಕಳು. ಅವರು ಕಂಪ್ಲಿಯ ರೈಸ್ ಮಿಲ್ಲಿನ ಸಾವ್ಕಾರರು, ಹೊಳೆದಂಡೆ ಸಂಘದ ಕಾರ್ಯದರ್ಶಿ ಬೇರೆ. ಹೊಸಪೇಟೆಯ ಈ ಮಾಳಿಗೆ ಮೇಲಿನ ಆಫೀಸಿಗೆ ವಾರಕ್ಕೊಮ್ಮೆ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುವವರು.

"ಅದೇ ಲೆಕ್ಕ ನೋಡ್ರಿ ಸಾವ್ಕಾರ್ರ. ಮುಂದಿನ ಸರ್ವರ್ ಗಿರಾಕಿ ಕೇಳಿದ್ದನ್ನ ಒಳಗ ಹೋಗಿ ಹೇಳ್ತದ. ಒಳಗಿನ ಸರ್ವರ್ ಅಡಗಿ ಮಾಡ್ತದ. ಮುಂದಿನವನಿಗೆ ಅಡಗಿಮನಿ ದಾರಿ ತೋರ್ಸೋದ ನನ್ನ ಕೆಲ್ಸ."

"ಅಡಗಿ ಕೆಟ್ರ?"

"ಮುಂದಿನವ ಬೈಸ್ಕಂತಾನ್ರಿ."

ಈ ಅಡುಗೆಮನೆಯಲ್ಲಿ ಬೇಯುತ್ತಿದ್ದುದು ಮಾತ್ರ ತಮಾಷೆಯದಲ್ಲ. ಹೊಳೆದಂಡೆಯುದ್ದಕ್ಕೂ ಸಂಘದವರು ಹನ್ನೊಂದು ಕಬ್ಬಿಣದ ಕೋಲು ನೆಟ್ಟಿದ್ದರು. ನೀರು ಏರಿದರೆ ಕೋಲು ತನ್ನ ಹೊಟ್ಟೆಯೊಳಗಿನ ಸಿಮ್ಮಿನಿಂದ ಮುಂದಿನ ಸರ್ವರಿಗೆ ಕೂಗು ಹಾಕಬೇಕು. ಅದು ಒಳಗಿನದಕ್ಕೆ ದಾಟಿಸಬೇಕು. ಒಳಗಿನದು ದಂಡೆಯ ಲೌಡ್‌ಸ್ಪೀಕರನ್ನು ಕೂಗಿಸಬೇಕು. ಸಂಡೂರು ಗುಡ್ಡದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲು ಚುರುಗುಡುವಾಗಲೇ ಹಳ್ಳ ತುಂಬಿ ಹೊಳೆಗೆ ನುಗ್ಗುತ್ತದೆ. ಹಂಪಿ ಬಳಿ ತೆಪ್ಪ ಹಾಕುವವರಿಗೆ ಆ ಕೂಗೊಂದೇ ಆಸರೆ. ಸುಮಂಗಲಾಳ ಅಪ್ಪ ಪಕೀರಪ್ಪನೂ ಅವರಲ್ಲೊಬ್ಬ. ನೀರಿಗಿಳಿಯುವ ಮುಂಚೆ ಫೋನನ್ನು ದಂಡೆಯ ವಿರುಪಮ್ಮನ ಚಹಾದಂಗಡಿಯಲ್ಲಿ ಬಿಟ್ಟುಹೋಗುವ ಆಸಾಮಿ. "ಹುಟ್ಟು ಹಿಡೀಲೋ, ಹಲೋ ಅನ್ನಲೋ?" ಎನ್ನುವನು.

ಇದನ್ನೆಲ್ಲ ಕಟ್ಟಿದವನು ಮಾರೇಶ. ಮಿಮಿಕ್ರಿ ಹುಚ್ಚ. ತೋರಣಗಲ್ಲಿನ ಶಿಫ್ಟ್ ಬಸ್ಸಿನ ಹಾರ್ನು, ಉಜ್ಜಿನಪ್ಪನವರ ಕೆಮ್ಮು, ಹೊಸ ಸೊಸೆಯ ಹಳೇ ಅಳು, ಎಲ್ಲವನ್ನೂ ಗಂಟಲಲ್ಲಿ ಬಾಡಿಗೆಗಿಟ್ಟುಕೊಂಡಿದ್ದ. ಲೌಡ್‌ಸ್ಪೀಕರಿನಲ್ಲಿ ರೆಕಾರ್ಡಾದದ್ದು ಮಾತ್ರ ಅವನ ಸ್ವಂತ ದನಿ: "ಹೊಳಿ ಬಂತು, ದಂಡಿಗೆ ಬರ್ರಿ!" ಅಷ್ಟೇ, ನಾಲ್ಕು ಪದ. ಹೋದ ಮಳೆಗಾಲದಲ್ಲಿ, ಹಳ್ಳ ಹೊಳೆಗೆ ಸೇರುವಲ್ಲಿ ವಾಲಿದ್ದ ಏಳನೇ ಕೋಲನ್ನು ನೆಟ್ಟಗೆ ಮಾಡಲು ಹೋದ. ನೀರು ಕೋಲನ್ನೂ ಅವನನ್ನೂ ಒಟ್ಟಿಗೇ ಒಯ್ದಿತು. ಮೂರನೇ ದಿನ ಕಂಪ್ಲಿ ಸೇತುವೆ ಹತ್ತಿರ ಮಾರೇಶ ಸಿಕ್ಕ. ಕೋಲು ಸಿಗಲಿಲ್ಲ. ಆ ಜಾಗದಲ್ಲಿ ಬೇರೆ ಕೋಲು ನೆಡುವ ಧೈರ್ಯ ಯಾರಿಗೂ ಬರಲಿಲ್ಲ.

ಇವತ್ತು ಅವನ ಹಳೇ ಕಂಪ್ಯೂಟರು ಬದಲಾಯಿಸಿ ಹೊಸದರಲ್ಲಿ ಎರಡೂ ಸರ್ವರುಗಳನ್ನು ಕೂಡಿಸುವುದಿತ್ತು. ಬೆಳಿಗ್ಗೆಯಿಂದ ಪರದೆಯ ಮೇಲೆ ಒಂದೇ ರಾಗ: ಬ್ಯಾಡ್ ಗೇಟ್‌ವೇ.

"ಬಾಗ್ಲು ಕೆಟ್ಟದಂತರಿ."

"ವಾಸ್ತು ತೋರ್ಸಬೇಕಿತ್ತವಾ."

ವಾಸ್ತುವಲ್ಲ, ಪೋರ್ಟ್ ನಂಬರು, ಅಂದರೆ ಬಾಗಿಲಿನ ಸಂಖ್ಯೆ. ಒಳಗಿನದು 8080ರಲ್ಲಿ ಕೂತಿತ್ತು. ಇವಳು ಮುಂದಿನದಕ್ಕೆ 8090ರ ಬಾಗಿಲು ಬಡಿ ಎಂದಿದ್ದಳು. ತಿದ್ದಿದಳು. ಎರಡೂ ಮಾತಿಗೆ ಬಿದ್ದವು.

ಆಮೇಲೆ ಮಾರೇಶನ ಹಳೇ ಸೆಟ್ಟಿಂಗುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿರುವಾಗ ಒಂದು ವಿಚಿತ್ರ ಸಾಲು ಕಂಡಿತು. ಅದರ ತಲೆಯ ಮೇಲೆ ಅವನೇ ಬರೆದಿಟ್ಟಿದ್ದ ಟಿಪ್ಪಣಿ: "ದೆವ್ವ ಒಂದೇ ಸಲ ಕೂಗ್ತದ, ಮನುಷ್ಯ ಮೂರು ಸಲ." ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹೊರಗಿಂದ ಹೆಸರು ಹಿಡಿದು ಕೂಗಿದರೆ ಮೂರನೇ ಕೂಗಿಗೆ ಮಾತ್ರ ಓಗೊಡಬೇಕು ಎಂಬುದು ಹೊಳೆದಂಡೆಯ ಮನೆಗಳಲ್ಲೆಲ್ಲ ಇದ್ದ ಮಾತು. ಮಾರೇಶ ಅದನ್ನೇ ಸರ್ವರಿಗೂ ಕಲಿಸಿದ್ದ. ಎಮ್ಮೆ ಬಂದು ಮೈ ತಿಕ್ಕಿದರೂ ಕೋಲು ಒಂದು ಸಲ ಕೂಗುತ್ತಿತ್ತಲ್ಲ, ಅದಕ್ಕೆ. ಯಾವ ಕೋಲಾದರೂ ಒಂದು ನಿಮಿಷದೊಳಗೆ ಮೂರು ಸಲ ಕೂಗಿದರಷ್ಟೇ ಒಳಗೆ ಬಿಡು; ಇಲ್ಲವಾದರೆ ಬಾಗಿಲಿನಿಂದಲೇ ಅಟ್ಟು.

ಸುಮಂಗಲಾ ಆ ಸಾಲನ್ನೂ, ಅದರ ಹಳೇ ದಾಖಲೆಯನ್ನೂ ಇಳಿಸಿದಳು. ಅಟ್ಟಿಸಿಕೊಂಡವರ ಪಟ್ಟಿ ಹೇಗಿದೆ ನೋಡೋಣ ಎಂದು ತೆರೆದಳು.

ಎಮ್ಮೆಗಳ ನಡುವೆ ಆರು ಕಡೆ ಏಳನೇ ಕೋಲಿತ್ತು. ಆರೂ, ಮಾರೇಶ ಹೋದ ಮೇಲಿನವು. ಪ್ರತಿ ಸಲವೂ ಒಂದೇ ಕೂಗು. ಒಳಗೆ ಬಿಟ್ಟವರ ಪಟ್ಟಿ ತೆರೆದರೆ, ಪ್ರತಿ ಸಲವೂ ಇಪ್ಪತ್ತು ನಿಮಿಷಗಳಾದ ಮೇಲೆ ಕೆಳಗಿನ ಎಂಟನೇ ಕೋಲು ಮೂರು ಸಲ ಕೂಗಿತ್ತು; ನೀರು ನಿಜಕ್ಕೂ ಏರಿತ್ತು.

"ಸಾವ್ಕಾರ್ರ, ಏಳನೇ ಕೋಲು ಎಲ್ಲೈತ್ರಿ?"

"ಹೊಳಿ ಹೊಟ್ಯಾಗ. ಯಾಕವಾ?"

ಉತ್ತರ ಹೇಳುವಷ್ಟರಲ್ಲಿ ಪಟ್ಟಿ ಒಂದು ಸಾಲು ಬೆಳೆಯಿತು. ಮಧ್ಯಾಹ್ನ ಮೂರೂ ಇಪ್ಪತ್ತು. ಕೋಲು ಏಳು. ನೀರು ಏರುತ್ತಿದೆ. ಒಂದು ಕೂಗು. ಅಟ್ಟಲಾಗಿದೆ.

ಅವಳು ಅಪ್ಪನ ಫೋನಿಗೆ ಹಚ್ಚಿದಳು. ಎತ್ತಿದವಳು ವಿರುಪಮ್ಮ.

"ನಿಮ್ಮಪ್ಪ ಈಗರ ಆರು ಮಂದೀನ ಕುಂದ್ರಿಸ್ಕಂಡು ಹೋದ್ನವ್ವ. ನಡು ಹೊಳ್ಯಾಗದಾನ."

"ಕೂಗಕ್ಕಾ, ತಿರುಗಿ ಬಾ ಅನ್ನು!"

"ನನ್ನ ದನಿ ಚಹಾ ಕುಡಿಯೋರಿಗೇ ಮುಟ್ಟಂಗಿಲ್ಲ, ಅಲ್ಲಿಗೆ ಮುಟ್ತದೇನು?"

ಫೋನು ಇಡಬೇಡ ಎಂದು ಹೇಳಿ ಸುಮಂಗಲಾ ಮೂರು ಕೂಗಿನ ಆ ಸಾಲಿನ ಮೇಲೆ ಕೈ ಇಟ್ಟಳು. ಉಜ್ಜಿನಪ್ಪನವರು ಗದರಿದರು: "ತೆಗೀಬ್ಯಾಡ! ಸತ್ತ ಕೋಲಿನ ಮಾತು ಕೇಳಿ ಒಂದ್ಸಲ ಸುಳ್ಳು ಕೂಗಿದ್ರ ನಾಳಿಂದ ಖರೇನೂ ಯಾರೂ ನಂಬಂಗಿಲ್ಲ."

"ನಡು ಹೊಳ್ಯಾಗ ಇರೋನು ನಮ್ಮಪ್ಪರಿ."

ಸಾಲು ಅಳಿಸಿದಳು. ಮುಂದಿನ ಸರ್ವರನ್ನು ಎಬ್ಬಿಸಿದಳು. ಈಗ ಒಂದೇ ಕೂಗಿಗೂ ಬಾಗಿಲು ತೆರೆಯುತ್ತದೆ. ಆದರೆ ಕೂಗಿದ್ದು ಆಗಲೇ ಹೊರಟುಹೋಗಿತ್ತು. ಕೋಲಿನ ಪರವಾಗಿ ತಾನೇ ಕೂಗೋಣವೆಂದರೆ ಗುಟ್ಟು ಪದವಿಲ್ಲದ ಕೂಗನ್ನು ಒಳಗಿನದು ನಂಬದು, ಪ್ರತಿ ಕೋಲಿನ ಆ ಪದ ಅದರದರ ಹೊಟ್ಟೆಯಲ್ಲೇ ಇತ್ತು. ಮಿಮಿಕ್ರಿ ನಡೆಯದ ಜಾಗ ಅದೊಂದೇ.

ಪರದೆ ಸುಮ್ಮನಿತ್ತು. ಒಂದು ನಿಮಿಷ. ಎರಡು. ಫೋನಿನಲ್ಲಿ ಯಾರೋ ಚಹಾ ಸೊರ್ ಎಂದು ಹೀರುವ ಸದ್ದು.

ದಂಡೆಯವರು ಹೊರಗಿನ ಕೂಗಿಗೆ ಓ ಅನ್ನದೇ ಕೂತದ್ದುಂಟು. ಕೂಗಿದ್ದನ್ನು ತಾವಾಗಿ ಕರೆದವರು ಯಾರೂ ಇಲ್ಲ. ಸುಮಂಗಲಾ ಪರದೆಗೆ ಬಾಗಿದಳು.

"ಮಾರೇಶಣ್ಣ, ಇನ್ನೊಂದ್ಸಲ ಕೂಗಪ್ಪಾ."

ಉಜ್ಜಿನಪ್ಪನವರು ಕುರ್ಚಿ ಬಿಟ್ಟು ಎದ್ದು ನಿಂತರು.

ಕೋಲು ಏಳು. ಒಂದು ಕೂಗು. ಒಳಗೆ ಬಿಡಲಾಗಿದೆ.

ಫೋನಿನೊಳಗಿಂದ ಲೌಡ್‌ಸ್ಪೀಕರು ಕಿರ್ರೆಂದಿತು, ದೂರದಲ್ಲಿ ಮಾರೇಶನ ದನಿ ಎದ್ದಿತು. ಚಹಾ ಹೀರುವ ಸದ್ದು ನಿಂತಿತು. "ಅಯ್ಯ ನಮ್ಮವ್ವ, ತಿರುಗಿಸಿದ" ಎಂದಳು ವಿರುಪಮ್ಮ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ದಂಡಿಗೆ ಬಂದ್ರು." ಆಮೇಲೆ ಅವಳ ಮಾತನ್ನೂ ಮುಳುಗಿಸುವ ಮೊರೆತ. ಅದಿರಿನ ಗುಡ್ಡ ತೊಳೆದ ಕೆಂಪು ನೀರು, ಬಂಡೆಗಳನ್ನು ಮುಚ್ಚಿಕೊಂಡು ಬಂತಂತೆ.

ಅಪ್ಪ ಫೋನು ಇಸಕೊಂಡ. ಏದುಸಿರು.

"ಸುಮಾ, ಆ ಹುಡುಗ ಏನ್ ಕೂಗಿದ್ನಲೇ! 'ಪಕೀರಪ್ಪ ಮಾವ, ಎಡಕ್ಕ ಹಾಕು, ಬಲಕ್ಕ ಸುಳಿ ಐತಿ' ಅಂದ. ಎಡಕ್ಕ ಹಾಕಿದೆ, ಬದುಕಿದೆ."

ಅವಳು ಹೂಂ ಎಂದಳು. ರೆಕಾರ್ಡಿನಲ್ಲಿದ್ದುದು ನಾಲ್ಕೇ ಪದ.

ಉಜ್ಜಿನಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು, ಕೆಮ್ಮಲು ಹೋಗಿ ತಡೆದರು. "ಆ ಸಾಲು ತಿರುಗಿ ಹಾಕವಾ. ಎಮ್ಮಿ ಕಾಟ ತಪ್ಪಂಗಿಲ್ಲ." ಬಾಗಿಲ ತನಕ ಹೋಗಿ ನಿಂತರು. "ಏಳಕ್ಕ ಮಾತ್ರ ಒಂದೇ ಕೂಗು ಸಾಕು ಅಂತ ಬರಿ."

ಹಾಗೇ ಬರೆದಳು. ಇನ್ನೊಂದು ಕೆಲಸ ಉಳಿದಿತ್ತು. ಮುಂದಿನ ಸರ್ವರ್ ದಾಟಿಸಿದ್ದೆಲ್ಲ, ಏಳನೇ ಕೋಲಿನ ಕೂಗೂ, ಒಳಗಿನದಕ್ಕೆ ಈ ಮನೆಯೊಳಗಿಂದಲೇ ಬಂದಂತೆ ಕಾಣುತ್ತದೆ. ಹೊರಗೆ ನಿಂತವರ ನಿಜವಾದ ವಿಳಾಸ ಒಳಗೆ ತಿಳಿಯಬೇಕಾದರೆ ಒಂದು ಸಾಲು ಸೇರಿಸಬೇಕು. ಎಲ್ಲರೂ ಸೇರಿಸುತ್ತಾರೆ. ಸುಮಂಗಲಾ ಅರ್ಧ ಟೈಪು ಮಾಡಿದಳು, ನಿಂತಳು, ಒಂದೊಂದೇ ಅಕ್ಷರ ಅಳಿಸಿದಳು.

ಉಳಿದದ್ದನ್ನು ಸೇವ್ ಮಾಡಿ, ಎರಡೂ ಸರ್ವರುಗಳನ್ನು ಮತ್ತೊಮ್ಮೆ ಎಬ್ಬಿಸಿದಳು.